ಉಗ್ರಾಣದ ಕಾಕಟೂ

ಈ ಸಂಗತಿ ಹೇಳಬೇಕೆಂದು ಎಷ್ಟೋ ಸಲ ಕುಳಿತು, ಅಷ್ಟೇ ಸಲ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎನ್ನಿಸಿತು, ಒಮ್ಮೆ ಕಾಶಿಯ ಸೆಕೆ ಸರಿಯಿಲ್ಲ ಎನ್ನಿಸಿತು. ಸರಿಯಿಲ್ಲದ್ದು ನಾನೇ ಎಂದು ಒಪ್ಪಿಕೊಳ್ಳುವುದಕ್ಕೆ ಇಷ್ಟು ಕಾಲ ಹಿಡಿಯಿತು. ಸಾಕಿದ ಹಕ್ಕಿಯನ್ನು ಆರೋಗ್ಯವಾಗಿ, ಸಂತೋಷವಾಗಿ ಇಟ್ಟುಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಅರ್ಧ ದಿನ ಮಾತಾಡಬಲ್ಲೆ. ಆ ಅರ್ಧ ದಿನದಲ್ಲಿ ಒಂದು ಮಾತನ್ನು ಮಾತ್ರ ಜಾಣತನದಿಂದ ಬಿಟ್ಟುಬಿಡುತ್ತಿದ್ದೆ. ಇವತ್ತು ಅದನ್ನೂ ಸೇರಿಸುತ್ತೇನೆ.

ಹೈಸ್ಕೂಲು ಮುಗಿಸಿ ಊರಿನಲ್ಲಿ ಏನೂ ಆಗದ ನಾನು ಕಾಶಿಯ ನಮ್ಮ ಕನ್ನಡದವರ ಮಠದಲ್ಲಿ ಉಗ್ರಾಣ ನೋಡಿಕೊಳ್ಳುವವನಾದೆ. ಏನು ಮಾಡಬೇಕೆಂದು ತಿಳಿಯದ್ದೆಲ್ಲ ಮಠದಲ್ಲಿ ಉಗ್ರಾಣಕ್ಕೇ ಬರುತ್ತದೆ. ನಡೆಯದ ಗಡಿಯಾರ, ಕಾಲು ಮುರಿದ ಪಲ್ಲಕ್ಕಿ, ನಾನು. ಎಮರ್ಜೆನ್ಸಿ ಬರುವುದಕ್ಕೆ ಮುಂಚೆ ಕಲ್ಕತ್ತೆಯ ಭಕ್ತರೊಬ್ಬರು ಮನೆ ಖಾಲಿ ಮಾಡುವಾಗ ಗಿಳಿಯ ಜಾತಿಯ ಒಂದು ಕಾಕಟೂ ಹಕ್ಕಿಯನ್ನು ಪಂಜರದ ಸಮೇತ ಮಠಕ್ಕೆ ಒಪ್ಪಿಸಿ ಕೈಮುಗಿದು ಹೋದರು. ಬಿಳಿ ಮೈ, ತಲೆಯ ಮೇಲೆ ಹಳದಿ ಜುಟ್ಟು. ಸಿಟ್ಟು ಬಂದರೂ ಸಂತೋಷವಾದರೂ ಆ ಜುಟ್ಟನ್ನು ಬೀಸಣಿಗೆಯಂತೆ ಬಿಚ್ಚುತ್ತಿತ್ತು. ಸ್ವಾಮಿಗಳು ಅದನ್ನು ನೋಡಿದರು, ಅದು ಸ್ವಾಮಿಗಳನ್ನು ನೋಡಿತು. ಉಗ್ರಾಣದಲ್ಲಿಡಿ ಎಂದು ಅಪ್ಪಣೆಯಾಯಿತು. ಗಲ್ಲಿಯವರು ಜುಟ್ಟಿಗೆ ಮರ್ಯಾದೆ ಕೊಟ್ಟು ಪಂಡಿತ್‌ಜಿ ಎಂದು ಕರೆದರು.

ಮೊದಮೊದಲು ಮಾಡಬಾರದ್ದೆಲ್ಲ ಮಾಡಿದೆ. ಕಾಶಿಗೆ ಬಂದವರಿಗೆ ಕಚೌರಿ ತಿನ್ನಿಸದೆ ಇರುವುದುಂಟೇ ಎಂದು ಅದಕ್ಕೂ ಒಂದು ಚೂರು ಕೊಟ್ಟೆ. ಮರುದಿನವೆಲ್ಲ ಪಂಡಿತ್‌ಜಿ ರೆಕ್ಕೆ ಜೋಲುಬಿಟ್ಟು ಮೂಲೆಯಲ್ಲಿ ಕುಳಿತರು. ಆಮೇಲೆ ಉಪ್ಪು, ಎಣ್ಣೆ, ಚಹ ಎಲ್ಲ ಬಂದ್. ಮೊಳಕೆ ಕಾಳು, ಜೋಳದ ತೆನೆ, ಸೀಬೆಹಣ್ಣು ಕೊಟ್ಟೆ. ಹಸಿಮೆಣಸಿನಕಾಯಿಯನ್ನಂತೂ ನಮ್ಮ ಬಯಲುಸೀಮೆಯವರಂತೆ ಕಣ್ಣುಮುಚ್ಚಿ ತಿನ್ನುತ್ತಿತ್ತು. ಬೆಳಗಿನ ಎಳೆಬಿಸಿಲು, ನೀರು ಚಿಮುಕಿಸಿ ಸ್ನಾನ, ಕೊಕ್ಕಿಗೆ ಕೆಲಸವಿರಲೆಂದು ಬೇವಿನ ಕೊಂಬೆ. ಕೊಂಬೆ ತರುವುದು ತಡವಾದ ದಿನ, ಪಂಜರದಿಂದ ಹೊರಬಿಟ್ಟರೆ ಉಗ್ರಾಣದ ಬಾಗಿಲ ಚೌಕಟ್ಟನ್ನೇ ಕಡಿಯುತ್ತಿತ್ತು. ಹೀಗೆ ಸಾಕಿದ್ದಕ್ಕೇ ಹಕ್ಕಿ ಹಾಲಿನ ಕೆನೆಯಂತೆ ಹೊಳೆಯುತ್ತಿದೆ ಎಂದು ಅಸ್ಸಿ ಘಾಟಿನ ಚಹದಂಗಡಿಯಲ್ಲಿ ಕುಳಿತು ಹೇಳಿಕೊಳ್ಳುತ್ತಿದ್ದೆ.

ನಿಜ ಬೇರೆ ಇತ್ತು. ಉಗ್ರಾಣದ ಎದುರು ಕೋಣೆಯಲ್ಲಿ ಚನ್ನರಾಯಪಟ್ಟಣದ ಕಡೆಯ, ಗಂಡನನ್ನು ಕಳೆದುಕೊಂಡ ಅಜ್ಜಿಯೊಬ್ಬರಿದ್ದರು. ಕಾಶಿಯಲ್ಲೇ ಪ್ರಾಣ ಬಿಡಬೇಕು, ಮತ್ತೆ ಹುಟ್ಟಬಾರದು ಎಂದು ಸಂಕಲ್ಪ ಮಾಡಿ ಬಂದವರು. ಊರಿಗೆ ಹೋಗುವುದಿರಲಿ, ಗಂಗೆಯ ಆಚೆ ದಡಕ್ಕೂ ಕಾಲಿಡುತ್ತಿರಲಿಲ್ಲ. ಸ್ನಾನ ಮುಗಿಸಿ ಬಂದವರೇ ಪಂಜರದ ಪಕ್ಕ ಕುಳಿತು ಊಟದ ಗಂಟೆಯವರೆಗೆ ಹಕ್ಕಿಯೊಡನೆ ಮಾತಾಡುತ್ತಿದ್ದರು. ಸತ್ತ ಗಂಡನ ಮುಂಗೋಪ, ಘಾಟಿನ ಮೆಟ್ಟಿಲ ಪಾಚಿ, ಮಠದ ಸಾರು ದಿನೇ ದಿನೇ ತೆಳ್ಳಗಾಗುತ್ತಿರುವುದು. ಸಾರಿಗೆ ಬೇಳೆ ಅಳೆದುಕೊಡುವವನು ನಾನು. ಹಕ್ಕಿ ಅವರ ಕೆಮ್ಮನ್ನು ಕಲಿತುಕೊಂಡಿತು. ಅವರು ಬಂದರೆ ಜುಟ್ಟು ಬಿಚ್ಚಿ ಕುಣಿಯುತ್ತಿತ್ತು. ಕಾಳು ಹಾಕುವ ನನ್ನ ಬೆರಳನ್ನು ಕಚ್ಚುತ್ತಿತ್ತು.

ಹಾಗೆ ಕಚ್ಚಿಸಿಕೊಂಡು ಬೆರಳಿಗೆ ಬಟ್ಟೆ ಸುತ್ತಿದ್ದ ಒಂದು ದಿನ, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ: "ಅಮ್ಮಾ, ಎಲ್ಲ ಬಿಟ್ಟು ಕಾಶಿಗೆ ಬಂದು ಹಕ್ಕಿ ಮೇಲೆ ಮೋಹ ಇಟ್ಕೊಂಡ್ರಲ್ಲ. ಕೊನೇ ಗಳಿಗೇಲಿ ಅದರ ನೆನಪು ಬಂದ್ರೆ ಹಕ್ಕಿಯಾಗೇ ಹುಟ್ಬೇಕಾಗುತ್ತೆ."

ಪಂಕ್ತಿ ನಕ್ಕಿತು. ಅಜ್ಜಿ ನಗಲಿಲ್ಲ. ಕೈತೊಳೆದು ಬಂದು ಉಗ್ರಾಣದ ಬಾಗಿಲಲ್ಲಿ ನಿಂತರು. "ಅಪ್ಪಾ, ಕಾಶೀಲಿ ಸತ್ರೂ ಹಂಗೇ ಆಗ್ತದಾ?"

ಕಾಶಿಯಲ್ಲಿ ಸತ್ತ ಇರುವೆಗೂ ಮುಕ್ತಿ ಎಂಬುದು ಮಠದಲ್ಲಿ ದಿನಾ ಕೇಳುವ ಮಾತು. ತಮಾಷೆಗೆ ಅಂದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಹತ್ತಿರ ಶಾಸ್ತ್ರ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, ಮೋಹವಿದ್ದರೆ ಕಾಶಿಯಲ್ಲೂ ತಪ್ಪಿದ್ದಲ್ಲ, ಶಾಸ್ತ್ರವಿದೆ ಎಂದುಬಿಟ್ಟೆ.

ಮರುದಿನದಿಂದ ಎದುರು ಕೋಣೆಯ ಬಾಗಿಲು ಮುಚ್ಚಿತು. ಹಕ್ಕಿ ಮೊದಲು ಕೂಗಿತು, ಆಮೇಲೆ ಕೆಮ್ಮಿತು, ಆಮೇಲೆ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿತು. ನಾನು ಸೋಲಲಿಲ್ಲ. ಬೇವಿನ ನೀರು ಚಿಮುಕಿಸಿದೆ. ಅರಿಸಿನ ಹಚ್ಚಿದೆ, ಪಂಡಿತ್‌ಜಿ ಮದುವೆ ಹೆಣ್ಣಿನಂತಾದರು. ಜೊತೆಗಿರಲೆಂದು ಟ್ರಾನ್ಸಿಸ್ಟರ್ ಇಟ್ಟೆ. ಗೋಧಿಗೆ ಗೊಬ್ಬರ ಹಾಕುವ ಕ್ರಮವನ್ನು ಹಿಂದಿಯಲ್ಲಿ ಕೇಳುತ್ತ ಮತ್ತಷ್ಟು ಬೋಳಾದರು. ಕೊನೆಗೆ ತಿನ್ನುವುದೂ ನಿಂತಿತು. ಹಾಲಿನವನು ಪಂಜರದೊಳಗೆ ಬಗ್ಗಿ ನೋಡಿ, ಪಂಡಿತ್‌ಜಿ ಹೊರಟರು ಎಂದು ಅವನ ಭಾಷೆಯಲ್ಲಿ ಹೇಳಿ ಹೋದ. ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, "ಹಕ್ಕಿಗೆ ರೋಗ ಇಲ್ಲ ಕಣ್ರೀ. ಹೋಗಿ ಆ ಅಜ್ಜಿ ಹತ್ರ ಸುಳ್ಳು ಹೇಳ್ದೆ ಅಂತ ಒಪ್ಕೊಳ್ಳಿ," ಎಂದಳು.

ಹೋದೆ. ಅವರ ಬಾಗಿಲವರೆಗೂ ಹೋದೆ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಪಂಜರ ತಂದು ಬಾಗಿಲ ಮುಂದೆ ನೇತುಹಾಕಿ, ಕಂಬದ ಹಿಂದೆ ನಿಂತೆ.

ಹಕ್ಕಿ ಕೆಮ್ಮಿತು. ಒಳಗಿನಿಂದಲೂ ಕೆಮ್ಮು ಬಂತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಜ್ಜಿ ಆ ಬೋಳು ಎದೆಯನ್ನು ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ಮೇಲೆ ಕುಳಿತರು. ಕಂಬದ ಕಡೆ ತಿರುಗದೆಯೇ ಹೇಳಿದರು:

"ಹುಟ್ಟೋದಾದ್ರೆ ಹುಟ್ತೀನಿ ಬಿಡಪ್ಪಾ. ಇದು ಹಿಂಗೆ ಮೈ ಕಿತ್ಕೊಳ್ಳೋದು ನೋಡ್ಕೊಂಡು ನಂಗೆ ಮುಕ್ತಿ ಬ್ಯಾಡ."

ಆಗಲೂ ಬಾಯಿ ಬಿಡಬಹುದಿತ್ತು. ಹಕ್ಕಿ ಕಾಳು ಮುಟ್ಟಿತು, ನನಗೆ ಅಷ್ಟೇ ಸಾಕಾಯಿತು. ಗರಿ ಮತ್ತೆ ಬಂದವು. ಅಸ್ಸಿಯಲ್ಲಿ ಬೇವಿನ ನೀರಿನ ಮಹಿಮೆ ಹೇಳಿದೆ. ಮುಂದಿನ ಚಳಿಗಾಲದಲ್ಲಿ ಅಜ್ಜಿ ಹೋದರು. ಬಾಯಿಗೆ ಗಂಗೆ ಬಿಟ್ಟವರ ಹತ್ತಿರ, "ಪಂಜರಕ್ಕೆ ಬಟ್ಟೆ ಹೊದಿಸಿ, ಚಳಿ" ಎಂದರಂತೆ. ಅದೇ ಕೊನೆಯ ಮಾತು. ಹರಿಶ್ಚಂದ್ರ ಘಾಟಿಗೆ ನಾನೂ ಹೋಗಿ, ಎಲ್ಲರಿಗಿಂತ ದೂರ ನಿಂತು ಬಂದೆ.

ಈಗ ಆ ಎದುರು ಕೋಣೆಯಲ್ಲಿ ನಾವಿದ್ದೇವೆ. ಮನುಷ್ಯರಷ್ಟೇ ಕಾಲ ಬಾಳುವ ಜಾತಿಯಂತೆ, ಹಕ್ಕಿ ಇನ್ನೂ ಗಟ್ಟಿಯಾಗಿದೆ, ಬೆಳಗ್ಗೆ ಅವರಂತೆಯೇ ಕೆಮ್ಮಿ ನನ್ನನ್ನು ಎಬ್ಬಿಸುತ್ತದೆ. ಅದರ ಪಕ್ಕ ಕುಳಿತು ಮಾತಾಡುವ ಕೆಲಸ ನನ್ನದು. ಕಾಶಿಯಲ್ಲಿ ಸತ್ತವರಿಗೆಲ್ಲ ಮುಕ್ತಿ ಎಂಬುದು ನಿಜವಾದರೆ ಅವರು ಇನ್ನೆಂದೂ ನನಗೆ ಸಿಗುವುದಿಲ್ಲ. ನಾನು ಕಟ್ಟಿದ ಶಾಸ್ತ್ರವೇ ನಿಜವಾದರೆ ಇಬ್ಬರೂ ಹಕ್ಕಿಗಳಾಗಿ ಹುಟ್ಟಿ ಯಾವುದೋ ಕೊಂಬೆಯ ಮೇಲೆ ಎದುರಾದೇವು, ತಪ್ಪಾಯಿತು ಎನ್ನಬಹುದು. ಹಾಗಾಗಿ ತನ್ನ ಸುಳ್ಳು ನಿಜವಾಗಲಿ ಎಂದು ವಿಶ್ವನಾಥನನ್ನು ಬೇಡುವ ಮುದುಕ ಕಾಶಿಯಲ್ಲಿ ನಾನೊಬ್ಬನೇ ಇರಬೇಕು. ಅದರಲ್ಲೂ ನೋಡಿ, ನನ್ನ ಅನುಕೂಲಕ್ಕೆ ಅವರೇ ಇನ್ನೊಮ್ಮೆ ಹುಟ್ಟಬೇಕು. ಬೇಡುವಾಗ ಎದುರು ಕೋಣೆಯ ಅಜ್ಜಿ ಎಂದರೆ ಸಾಲದು, ಹೆಸರು ಹೇಳಬೇಕು. ಪುಟ್ಟಗೌರಮ್ಮ.