ಕಡಿದ ಬಾಳೆಯಂತೆ ಬಿದ್ದ ನಿಂಗಣ್ಣ

…ಅಥವಾ ಪುಸ್ತಕ ತೋರಿಸಿ ಎಂದು ಬೋರೇಗೌಡರಾಗಿಯೇ ಕೇಳಿದರೋ? ಕೇಳಿದ್ದರೆ ತಪ್ಪು ಅರ್ಧಕ್ಕರ್ಧ ಅವರದು. ಆದ್ದರಿಂದಲೇ ನನ್ನ ನೆನಪು ‘ಅವರೇ ಕೇಳಿದರು’ ಎನ್ನುತ್ತದೆ. ಯಾವಾಗಲೂ ನನ್ನ ಅನುಕೂಲದ ಕಡೆಗೇ ವಾಲುವ ಈ ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ಬಹುಶಃ ನಾನೇ ಪೆಟ್ಟಿಗೆಯ ಬೀಗ ತೆಗೆದು ಪುಸ್ತಕವನ್ನು ಅವರ ಮುಂದೆ ಬಿಚ್ಚಿಟ್ಟಿರಬೇಕು.

ಆಗ ನಾನು ನಾಗಮಂಗಲದ ಮಿಡ್ಲ್ ಸ್ಕೂಲಿನಲ್ಲಿ ಅಸಿಸ್ಟೆಂಟ್ ಮೇಷ್ಟರು. ನನ್ನ ಅಕ್ಷರ ತಾಲ್ಲೂಕಿಗೇ ಮೊದಲನೆಯದು. ಇದು ಜಂಬವಲ್ಲ, ಅಮಲ್ದಾರರ ಕಚೇರಿಯ ಗುಮಾಸ್ತರೇ ಹೊಟ್ಟೆಯುರಿಯಿಂದ ಒಪ್ಪಿಕೊಂಡ ಮಾತು. ಅದಕ್ಕಾಗಿಯೇ ಹೆಡ್‌ಮೇಷ್ಟರು ಹುಡುಗರ ನಡತೆಯ ಪುಸ್ತಕವನ್ನು ನನ್ನಿಂದ ಬರೆಸುತ್ತಿದ್ದರು. ಯಾರಿಗೆ ಕಾಯಿಲೆ, ಯಾರು ಬಳಪ ಕದಿಯುತ್ತಾನೆ, ಯಾರ ಅಪ್ಪ ಕುಡಿಯುತ್ತಾನೆ, ಎಲ್ಲವೂ ಅದರಲ್ಲಿತ್ತು. “ಇದು ಹೊರಗಿನವರ ಕಣ್ಣಿಗೆ ಬೀಳಕೂಡದು” ಎಂದು ಹೇಳಿ ಬೀಗದಕೈಯನ್ನೂ ನನಗೇ ಕೊಟ್ಟಿದ್ದರು. ಯಾರೂ ನೋಡಬಾರದ ಪುಸ್ತಕಕ್ಕೆ ಮುತ್ತಿನಂಥ ಅಕ್ಷರ! ಹೆಣ್ಣನ್ನು ಸಿಂಗರಿಸಿ ಕಣಜದೊಳಗೆ ಕೂರಿಸಿದ ಹಾಗೆ. ನನಗೆ ಒಳಗೊಳಗೇ ಸಂಕಟ.

ತೊಣ್ಣೂರಿನ ಬೋರೇಗೌಡರು ಬಂದದ್ದು ಮಗಳ ಸಂಬಂಧದ ವಿಚಾರಕ್ಕೆ. ನಮ್ಮಲ್ಲಿ ಓದಿ ಹೋಗಿದ್ದ ಬಿಂಡಿಗನವಿಲೆಯ ನಿಂಗಣ್ಣನಿಗೆ ಹುಡುಗಿ ಕೊಡುವ ಮಾತುಕತೆ ಮುಗಿದು, ವೀಳ್ಯಶಾಸ್ತ್ರ ಮಾತ್ರ ಉಳಿದಿತ್ತು. ಜಾತಕ ಬರೆಸದ ಮನೆಯವರು ವರನ ವಯಸ್ಸು ತಿಳಿಯಲು ಸ್ಕೂಲಿಗೆ ಬರುವುದುಂಟು. ವಯಸ್ಸು ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಗೌಡರು ಪುಸ್ತಕದ ಮೇಲೆ ಬಗ್ಗಿ, “ನಂಗ್ ಓದಕ್ ಬರಾಕಿಲ್ಲ ಮೇಷ್ಟ್ರೇ, ಆದ್ರೂ ಏನ್ ಬರ್ದಿದ್ದೀರಿ! ಅವ್ರೆಕಾಳ್ ಜೋಡ್ಸಿದಂಗವೆ” ಎಂದರು. ಅಷ್ಟು ಸಾಕಾಯಿತು. ನಿಂಗಣ್ಣನ ಪುಟ ತೆರೆದು, ಗಂಟಲು ಸರಿಮಾಡಿಕೊಂಡು ಓದಿದೆ: “ಬುದ್ಧಿವಂತ. ಒಮ್ಮೆ ಪ್ರಾರ್ಥನೆಯ ವೇಳೆಯಲ್ಲಿ ಬುಡ ಕಡಿದ ಬಾಳೆಯಂತೆ ನೆಲಕ್ಕುರುಳಿದನು.”

ಹೆಡ್‌ಮೇಷ್ಟರು ಬರೆಸಿದ್ದು ‘ಬಿದ್ದನು’ ಎಂದಷ್ಟೇ. ಬಾಳೆ ನನ್ನದು.

“ಮೂರ್ಛೆರೋಗವಾ?” ಎಂದರು ಗೌಡರು.

“ಅಲ್ಲ ಗೌಡರೇ, ಹಸಿವು. ಅವತ್ತು ಊರಿಂದ ಉಣ್ಣದೆ ನಡ್ಕೊಂಡು ಬಂದಿದ್ದ.”

“ಹಸ್ದೋನು ಬಾಳೆ ಬಿದ್ದಂಗ್ ಬೀಳಾಕಿಲ್ಲ ಕಣ್ ಮೇಷ್ಟ್ರೇ. ಗ್ವಾಡೆ ಹಿಡ್ಕಂಡು ಕುಂತ್ಕತಾನೆ. ಅಂಗಾರೆ ನೀವ್ ಬರ್ದಿರೋದು ಸುಳ್ಳಾ?”

ಹೌದು ಎನ್ನಬೇಕಾಗಿತ್ತು. ಆ ಒಂದು ಮಾತಿನಿಂದ ಒಂದು ಮದುವೆ ಉಳಿಯುತ್ತಿತ್ತು. ಅವನು ಬಿದ್ದ ಹೊತ್ತಿನಲ್ಲಿ ನಾನು ಅಲ್ಲಿದ್ದೆನೋ ಇಲ್ಲವೋ ಅದೂ ಅನುಮಾನ. ಆದರೂ ಕಣ್ಣು ಮುಚ್ಚಿದರೆ ನಿಂಗಣ್ಣ ಬಾಳೆಯ ಹಾಗೆಯೇ ಬೀಳುತ್ತಾನೆ. ನಾನು ಬರೆದದ್ದು, ನಡೆದದ್ದನ್ನು ನುಂಗಿ ಕೂತಿದೆ. ಅಂಥ ವಾಕ್ಯವನ್ನು ಸುಳ್ಳೆನ್ನಲು ನಾಲಿಗೆ ಏಳಲಿಲ್ಲ. “ಸ್ಕೂಲಿನ ಪುಸ್ತಕದಲ್ಲಿ ಸುಳ್ಳು ಬರೀತಾರೆಯೇ?” ಎಂದುಬಿಟ್ಟೆ.

ಸಂಬಂಧ ಮುರಿಯಿತು. ಕೆಲವು ದಿನಗಳ ಮೇಲೆ ನಿಂಗಣ್ಣನೇ ಸ್ಕೂಲಿಗೆ ಬಂದ. “ಯಾವನ್ ಮೇಷ್ಟ್ರೇ ತೊಣ್ಣೂರ್ನೋರಿಗೆ ಹೇಳ್ದೋನು? ಸಂತೇಲಿ ನನ್ನ ಕಂಡ್ರೆ ‘ದಾರಿ ಬುಡ್ರಲಾ, ಬಾಳೆ ಬತ್ತಾದೆ, ಮೇಲ್ ಬಿದ್ದಾತು’ ಅಂತಾವ್ರೆ” ಎಂದ. ಅಯ್ಯೋ ಪಾಪ ಎನಿಸಿತು. ಆದರೆ ಅದಕ್ಕೂ ಮೊದಲು, ನನ್ನ ಉಪಮೆ ಸಂತೆಯವರ ಬಾಯಿಗೆ ಬಂದುಬಿಟ್ಟಿದೆಯಲ್ಲ ಎಂದು ಎದೆ ಉಬ್ಬಿತು. ಅದನ್ನು ಅಡಗಿಸಿಕೊಂಡು, “ಯಾರೋ ಏನೋ, ವಿಚಾರಿಸ್ತೀನಿ ಕಣಯ್ಯ” ಎಂದೆ.

ಅವನು ಮೇಜಿನ ಮೇಲೆ ನಾನು ತುಂಬಿಸುತ್ತಿದ್ದ ಹಾಜರಿ ಪುಸ್ತಕವನ್ನು ಒಂದು ಗಳಿಗೆ ನೋಡಿದ. “ಅಕ್ಸರ ಚಂದಾಗವೆ ಮೇಷ್ಟ್ರೇ” ಎಂದು ಹೇಳಿ ಹೊರಟುಹೋದ.

ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಆ ದಿನವೆಲ್ಲ ಇನ್ನೂ ಚೆನ್ನಾಗಿ ಬರೆದೆ. ಅವನಿಗೆ ಎಲ್ಲ ಗೊತ್ತಾಗಿತ್ತೋ ಇಲ್ಲವೋ ನಾನು ಅರಿಯೆ. ಆಮೇಲೆ ಅವನಿಗೆ ಎಲ್ಲಾದರೂ ಹೆಣ್ಣು ಸಿಕ್ಕಿತೋ, ಅದೂ ಗೊತ್ತಿಲ್ಲ. ವಿಚಾರಿಸುತ್ತೇನೆಂದವನು ವಿಚಾರಿಸಲೇ ಇಲ್ಲ.