ಪ್ಯಾಂಟು ಆರಿಸಿದ ಟ್ಯಾಕ್ಸಿ

ನನ್ನ ಷಡ್ಡಕ ಒಂದು ಪ್ಯಾಂಟಿನ ಸಲಹೆ ಕೇಳಿ ಕಾರು ಕೊಂಡವನು. ಹೌದು, ಪ್ಯಾಂಟಿನ ಸಲಹೆ! ಮೆಕ್ಯಾನಿಕ್ಕನನ್ನು ಕೇಳಲಿಲ್ಲ, ಜ್ಯೋತಿಷಿಯನ್ನು ಕೇಳಲಿಲ್ಲ, ಮನೆಯ ಹಿರಿಯ ಅಳಿಯನಾದ ನನ್ನನ್ನೂ ಕೇಳಲಿಲ್ಲ. ಮೊದಲಿನ ಎರಡನ್ನು ನಾನು ಕ್ಷಮಿಸಿಬಿಟ್ಟೆ. ಮೂರನೆಯದಕ್ಕೆ ಹೊಟ್ಟೆ ಉರಿಯಿತು. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಒಂದು ಪ್ಯಾಂಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟು ಊಟ ಬಿಟ್ಟವನು ಇಡೀ ಚಳ್ಳಕೆರೆಯಲ್ಲಿ ನಾನೊಬ್ಬನೇ ಇರಬೇಕು.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಈ ನೆಂಟಸ್ತನವನ್ನು ದೇವರು ಹೊಟ್ಟೆಕಿಚ್ಚಿಗೆಂದೇ ಮಾಡಿದ್ದಾನೆ. ಅಣ್ಣತಮ್ಮಂದಿರಾದರೆ ಒಂದು ಸಲ ಬಾಯಿ ತುಂಬ ಜಗಳವಾಡಿ ಹಗುರಾಗಬಹುದು. ಷಡ್ಡಕರು ಹಾಗೆ ಮಾಡುವಂತಿಲ್ಲ. ಮಾವನ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು, ಅತ್ತೆ ಯಾರ ಹೋಳಿಗೆಗೆ ಎಷ್ಟು ತುಪ್ಪ ಹಾಕಿದರು ಅಂತ ಓರೆಗಣ್ಣಿನಲ್ಲಿ ಅಳೆಯುತ್ತಾ ನಗುನಗುತ್ತಾ ಉಣ್ಣಬೇಕು. ಅವನ ಎಲೆಯಲ್ಲಿ ತುಪ್ಪ ಹೋಳಿಗೆ ದಾಟಿ, ಪಲ್ಯ ದಾಟಿ, ಕೋಸಂಬರಿವರೆಗೂ ಹರಿಯುತ್ತದೆ. ನನ್ನ ಎಲೆಯಲ್ಲಿ ಅದು ಹೋಳಿಗೆಯ ಮಧ್ಯೆಯೇ ಇಂಗಿಹೋಗುತ್ತದೆ. ಹಿರಿಯ ಅಳಿಯ ನಾನೋ ಅವನೋ?

ಅವನಲ್ಲಿ ಅಂಥದ್ದೇನಿದೆ ಅಂತ ನೀವು ಕೇಳಬಹುದು. ಏನೂ ಇಲ್ಲ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನು. ಕೈಗೆ ಸಿಕ್ಕಿದ್ದನ್ನೆಲ್ಲ ಮಗುಚಿ ನೋಡುವ ಚಟ. ಸೀರೆಯನ್ನು ಮಗುಚಿ ನೋಡುವುದು ಸರಿ, ಅದು ಕಸುಬು. ಇವನು ಕುರ್ಚಿಯನ್ನೂ ಮಗುಚುತ್ತಾನೆ, ತಟ್ಟೆಯನ್ನೂ ಮಗುಚುತ್ತಾನೆ, ಅಂಗಡಿಯಲ್ಲಿ ತೆಂಗಿನಕಾಯಿ ಕೊಟ್ಟರೆ ಅದನ್ನೂ ತಲೆಕೆಳಗು ಮಾಡುತ್ತಾನೆ. ಕೇಳಿದರೆ, "ಮುಂದಗಡೆ ಎಲ್ರೂ ಚೆಂದಾಗೇ ನೇಯ್ತಾರೆ ಅಣ್ಣಯ್ಯ. ಹಿಂದಗಡೆ ದಾರ ಹೆಂಗ್ ಬಿಟ್ಟವ್ರೆ ಅಂತ ನೋಡ್ಬೇಕು" ಅನ್ನುತ್ತಾನೆ. ಹೆಣ್ಣು ನೋಡಲು ಬಂದ ದಿನ ಕಾಫಿ ಕುಡಿಯುವ ಮೊದಲು ಲೋಟ ಎತ್ತಿ ಅದರ ತಳ ನೋಡಿದ. ನಾನು ಅಲ್ಲೇ ಕೂತಿದ್ದೆ. ಸಂಬಂಧ ಮುರಿಯಿತು ಅಂತ ಒಳಗೊಳಗೇ ಖುಷಿಪಟ್ಟೆ. ನಮ್ಮತ್ತೆ ಮಾತ್ರ ಒಳಗೆ ಹೋಗಿ, "ಹುಡ್ಗಂಗೆ ಭಾಳ ನಿಗಾ ಐತೆ, ಮಗಳನ್ನ ಚೆಂದಾಗಿ ನೋಡ್ಕೊಂತಾನೆ" ಅಂದರಂತೆ. ನಾನು ಹೆಣ್ಣು ನೋಡಲು ಹೋದ ದಿನ ಬಗ್ಗಿಸಿದ ತಲೆ ಎತ್ತದೆ, ಉಪ್ಪಿಟ್ಟಿನಲ್ಲಿ ಉಪ್ಪು ಹೆಚ್ಚಾಗಿದ್ದರೂ ತುಟಿ ಬಿಚ್ಚದೆ ತಿಂದಿದ್ದೆ. ಅದನ್ನು ಆ ಮನೆಯಲ್ಲಿ ಇವತ್ತಿನವರೆಗೂ ಯಾರೂ ನೆನೆದಿಲ್ಲ.

ಇಂಥ ಮನೆಯಲ್ಲಿ ನನಗೆ ಅಂತ ಉಳಿದಿದ್ದ ಒಂದೇ ಒಂದು ಮರ್ಯಾದೆ ಗಾಡಿಗಳದ್ದು. ಆ ಬಳಗದಲ್ಲಿ ಮೊದಲು ಸ್ಕೂಟರ್ ಇಟ್ಟವನು ನಾನು. ಆಮೇಲೆ ಯಾರು ಏನೇ ಕೊಂಡರೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಸೈಲೆನ್ಸರಿನ ಹತ್ತಿರ ಬಗ್ಗಿ, ಕಿವಿಗೊಟ್ಟು, ಕಣ್ಣು ಮುಚ್ಚಿ, "ಹೂಂ" ಅನ್ನಬೇಕು, ಆಗಲೇ ವ್ಯಾಪಾರ ಕುದುರುವುದು. ನಿಜ ಹೇಳಬೇಕೆಂದರೆ ನನಗೆ ಆ ಸದ್ದಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ಆದರೂ ನನ್ನ ಹೂಂ ಇಲ್ಲದೆ ನಮ್ಮವರ ಮನೆಗೆ ಒಂದು ಸೈಕಲ್ಲೂ ಬಂದಿಲ್ಲ.

ಹೋದ ವರ್ಷ ಅದಕ್ಕೂ ಕಲ್ಲು ಬಿತ್ತು. ನನ್ನಿವಾಳ ಅನ್ನುವ ಊರಿನ ಹತ್ತಿರ ಒಂದು ಕುರಿಮರಿ ಅಡ್ಡ ಬಂದು ಬೈಕಿನಿಂದ ಬಿದ್ದೆ. ಕುರಿಮರಿ ಮೈ ಕೊಡವಿಕೊಂಡು ಹೋಯಿತು. ನನ್ನ ಬಲಗಾಲಿಗೆ ರಾಡು ಹಾಕಿದರು, ಮಂಡಿ ಮಡಚುವುದನ್ನೇ ಬಿಟ್ಟಿತು. ಅಂದಿನಿಂದ ನಾನು ಆಟೋ ಹತ್ತಿದರೆ ಕಾಲು ಹೊರಗೆ ಚಾಚಿಕೊಂಡಿರುತ್ತದೆ, ಎದುರಿಗೆ ಬರುವವರು ಬೈದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಬಸ್ಸಿನಲ್ಲಿ ದಾರಿಗೆ ಅಡ್ಡ ಚಾಚಬೇಕು, ಕಂಡಕ್ಟರ್ ಸಹಿತ ಅದನ್ನು ದಾಟಿಕೊಂಡು ಓಡಾಡಬೇಕು. ಮನೆಯಿಂದ ನಾನು ಗುಮಾಸ್ತನಾಗಿರುವ ಹೈಸ್ಕೂಲಿಗೆ ಕುಂಟಿಕೊಂಡು ಹೋಗುತ್ತೇನೆ, ಬರುತ್ತೇನೆ. ಮಾವನ ಮನೆಯೂ ಮೊಳಕಾಲ್ಮುರಿನಲ್ಲೇ, ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ಅತ್ತೆ ಫೋನಿನಲ್ಲಿ, "ಯಾವಾಗ ಬರ್ತೀರಿ, ಅಳಿಯಂದಿರೇ?" ಅಂತ ಕೇಳುತ್ತಾರೆ. "ಸ್ಕೂಲಲ್ಲಿ ಕೆಲಸ ಜಾಸ್ತಿ" ಅನ್ನುತ್ತೇನೆ.

ಆಗ ಇವನಿಗೆ ಟ್ಯಾಕ್ಸಿಯ ಯೋಚನೆ ಬಂತು. ಮನೆಯಲ್ಲಿ ಮಗ್ಗ ಎರಡು, ನೇಯುವವರು ಮೂವರು: ಇವನು, ಇವನ ಹೆಂಡತಿ, ಇವನ ತಮ್ಮ. ಒಬ್ಬರು ಎದ್ದು ಹೊರಗೆ ದುಡಿಯಬೇಕು. ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳು ಬಂದ ಮೇಲೆ ಚಳ್ಳಕೆರೆಯಲ್ಲಿ ರೈಲಿಳಿದು ಅತ್ತ ಹೋಗುವವರು ಹೆಚ್ಚಾಗಿದ್ದಾರೆ. ಇವನಿಗೆ ಡ್ರೈವಿಂಗ್ ಬರುತ್ತದೆ. ಇಷ್ಟನ್ನೂ ನಮ್ಮ ಮನೆಗೇ ಬಂದು ಹೇಳಿದ. ನಾನು, "ನೀವು ಬಂದು ಆರಿಸಿಕೊಡ್ಬೇಕು, ಅಣ್ಣಯ್ಯ" ಅನ್ನುವ ಮಾತಿಗೆ ಕಾದೆ. ಯಾವ ಅಂಗಿ ಹಾಕಿಕೊಂಡು ಹೋಗುವುದು ಅಂತಲೂ ಯೋಚಿಸಿಬಿಟ್ಟಿದ್ದೆ. ಇವನು ನನ್ನ ಕಡೆ ನೋಡಿದ, ಕಾಲಿನ ಕಡೆ ನೋಡಿದ, ಎದ್ದು ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯ ಹತ್ತಿರ ಏನೋ ಪಿಸುಗುಟ್ಟಿ, ಕೈಯಲ್ಲೊಂದು ಚೀಲ ಹಿಡಿದು ಹೊರಟೇಹೋದ.

"ಏನದು ಚೀಲ?" ಅಂದೆ.

"ಶೇಂಗಾ ಕೊಟ್ಟೆ" ಅಂದಳು ಹೆಂಡತಿ.

ಸರಿ, ಕಾಲು ಹೋಯಿತು, ಹೂಂ ಅನ್ನುವ ಅಧಿಕಾರವೂ ಹೋಯಿತು! ಕುಂಟನನ್ನು ಯಾರು ಕಾರಿನಂಗಡಿಗೆ ಕರೆದುಕೊಂಡು ಹೋಗುತ್ತಾರೆ? ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಸೌದೆ ಇಲ್ಲದೆ ಒಲೆ ಉರಿಯತೊಡಗಿತು.

ಇವನು ನೋಡಿದ ಕಾರುಗಳ ಕಥೆ ಕೇಳಿ. ಮೊದಲ ಅಂಗಡಿಯಲ್ಲಿ ಬಿಳಿ ಪಂಚೆ ಉಟ್ಟುಕೊಂಡೇ ಕಾರಿನ ಕೆಳಗೆ ನುಸುಳಿ ಅಂಗಾತ ಮಲಗಿದನಂತೆ. ಅಲ್ಲಿನ ಹುಡುಗಿ, ಯಾರಿಗೋ ತಲೆಸುತ್ತು ಬಂತು ಅಂತ ನೀರು ತಂದಳಂತೆ. ಇವನು ಎದ್ದು ನೀರು ಕುಡಿದು, ಕತ್ತಲಲ್ಲಿ ಸರಿಯಾಗಿ ಕಾಣಿಸಲಿಲ್ಲ ಅಂದುಕೊಂಡು, ಮಾರುವವನ ಹತ್ತಿರ ವಿನಯದಿಂದ ಕೇಳಿದ:

"ಸಾರ್, ಇದನ್ನ ಒಂದ್ ಸಲ ಮಗುಚಿ ತೋರಿಸ್ತೀರಾ?"

"ನಮ್ಮಲ್ಲಿ ಮಗುಚಿದ ಕಾರು ಮಾರಲ್ಲ ಸಾರ್" ಅಂದನಂತೆ ಅವನು. "ಅದಕ್ಕೆ ಗುಜರಿ ಅಂಗಡಿ ಬೇರೆ ಐತೆ."

ಇದನ್ನು ನನಗೆ ಹೇಳಿದವನು ಇವನೇ. ದಿನಾ ಸಂಜೆ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದ. ಗಮನಿಸಿ, ಹೇಳುತ್ತಿದ್ದನೇ ಹೊರತು ಕೇಳುತ್ತಿರಲಿಲ್ಲ! "ಇಂಜಿನ್ ಸದ್ದು ಹೆಂಗಿತ್ತು?" ಅಂತ ನಾನೇ ಬಾಯಿಬಿಟ್ಟೆ. "ಪರ್ವಾಲೇದು" ಅಂದ. ನಮ್ಮ ಮನೆಗಳಲ್ಲಿ ಮಾತು ಅರ್ಧ ತೆಲುಗು. ಪರವಾಗಿಲ್ಲ ಅನ್ನುವುದಕ್ಕೆ ನಾವು ಹಾಗನ್ನುತ್ತೇವೆ. ಇವನಿಗೆ ಮದುವೆಯ ಊಟವೂ ಪರ್ವಾಲೇದು, ಜ್ವರವೂ ಪರ್ವಾಲೇದು.

ಎರಡನೆಯ ಅಂಗಡಿಗೆ ಯಾರನ್ನು ಕರೆದುಕೊಂಡು ಹೋದ ಗೊತ್ತೇ? ನಮ್ಮತ್ತೆಯನ್ನು! ಟ್ಯಾಕ್ಸಿಯಲ್ಲಿ ಕೂರುವುದು ಗಿರಾಕಿ, ಆದ್ದರಿಂದ ಗಿರಾಕಿಯೇ ಕೂತು ನೋಡಬೇಕು ಅಂತ ಇವನ ವಾದ. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಮೇಲಿಟ್ಟುಕೊಂಡು ಕೂತರು, ಅಂಗಡಿಯವರು ಏಸಿ ಹಾಕಿದರು, ಅತ್ತೆಗೆ ಗಾಢ ನಿದ್ದೆ. ಯಾರೂ ಎಬ್ಬಿಸಕೂಡದು ಅಂತ ಇವನು ಬಾಗಿಲಲ್ಲಿ ಕಾವಲು ನಿಂತ. ಬೇರೆ ಗಿರಾಕಿಗಳು ಬಂದು, "ಈ ಅಜ್ಜಿ ಕಾರಿನ ಜೊತೆಗೇ ಬರ್ತಾರಾ?" ಅಂತ ಕೇಳಿದರಂತೆ. ನಮ್ಮ ಮನೆಗೆ ಬಂದಾಗ ಇದೇ ಅತ್ತೆ, "ಹೊಸ ಜಾಗ, ಕಣ್ಣೇ ಮುಚ್ಚಲಿಲ್ಲ" ಅಂತ ಗೊಣಗುತ್ತಾರೆ. ನಮ್ಮ ಮದುವೆಯಾದಾಗಿನಿಂದ ನಮ್ಮ ಮನೆ ಅವರಿಗೆ ಹೊಸ ಜಾಗವೇ.

ಇಷ್ಟಾದರೂ ಆ ಕಾರನ್ನು ಬಿಟ್ಟುಬಂದ.

"ಅತ್ತೆಗೆ ನಿದ್ದೆ ಬಂತಲ್ಲ, ಮತ್ತೇನಾಗ್ಬೇಕಿತ್ತು?" ಅಂದೆ.

"ಹಿಂದಿನ ಸೀಟು ಚೆನ್ನಾಗೈತೆ ಅಣ್ಣಯ್ಯ. ಮುಂದಿನ ಸೀಟು ಸರಿ ಹೋಗ್ಲಿಲ್ಲ."

"ಯಾರಿಗೆ?"

"ಸರಿ ಹೋಗ್ಲಿಲ್ಲ" ಅಂದು ಫೋನಿಟ್ಟ.

ಪ್ಯಾಂಟಿನ ವಿಷಯ ಮಾತ್ರ ಇವನು ಬಾಯಿಬಿಟ್ಟಿರಲಿಲ್ಲ. ಅದನ್ನು ತಂದವರು ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಹಳೇ ಕಾರು ಮಾರುವ ಕಡೆ ಅವರು ತಮ್ಮ ಕೆಲಸಕ್ಕೆ ಹೋಗಿದ್ದರಂತೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಎಲ್ಲರೆದುರಿಗೆ ಶುರುಮಾಡಿದರು:

"ಏನ್ರೀ, ನಿಮ್ಮ ಷಡ್ಡಕರಿಗೆ ಏನಾಗೈತೆ? ಚೀಲದಿಂದ ಒಂದು ಪ್ಯಾಂಟು ತೆಗೀತಾರೆ, ಮುಂದಿನ ಸೀಟಿನ ಮೇಲೆ ಮಲಗಿಸ್ತಾರೆ, ಡೋರು ಹಾಕ್ತಾರೆ, ಬಗ್ಗಿ ನೋಡ್ತಾರೆ, ತಲೆ ಅಲ್ಲಾಡಿಸಿ ಮತ್ತೆ ಚೀಲಕ್ಕೆ ಹಾಕ್ಕೊಂತಾರೆ. ಮುಂದಿನ ಕಾರಿಗೂ ಅದೇ."

"ಪ್ಯಾಂಟು ಏನಂತು?" ಅಂದೆ ನಾನು. ಸ್ಟಾಫ್ ರೂಮೆಲ್ಲ ನಕ್ಕಿತು.

"ಅದೂ ಎಂಥ ಪ್ಯಾಂಟು ಅಂತೀರಿ? ಯಾವನೋ ಗತಿಗೆಟ್ಟೋನದು ಇದ್ದಂಗಿತ್ತು" ಅಂದರು ಮೇಷ್ಟ್ರು. ಅದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ದೃಷ್ಟಿಗೆ ಗಾಡಿಯ ಹಿಂದೆ ಹಳೇ ಚಪ್ಪಲಿ ಕಟ್ಟುವುದುಂಟು, ಇದು ಅದರ ಹೊಸ ನಮೂನೆ ಇರಬೇಕು ಅಂತ ಒಬ್ಬರು ತರ್ಕಿಸಿದರು. ಯಾವುದೋ ದೇವರ ಹೇಳಿಕೆಯಿರಬಹುದು ಅಂತ ಇನ್ನೊಬ್ಬರು. ನಾನು ಅಲ್ಲಿ ನಕ್ಕು ಮನೆಗೆ ಬಂದ ಮೇಲೆ ನಗು ನಿಂತಿತು. ನೋಡಿ, ಒಂದು ಪ್ಯಾಂಟಿಗಿರುವ ಬೆಲೆ ನನಗಿಲ್ಲ! ಪ್ಯಾಂಟನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬರುತ್ತಾನೆ, ಸೀಟಿನ ಮೇಲೆ ಮಲಗಿಸುತ್ತಾನೆ, ಅದು ಬೇಡವೆಂದರೆ ಕಾರನ್ನೇ ಬಿಡುತ್ತಾನೆ. ಅಂಗಡಿಗಳಿರುವುದು ಚಳ್ಳಕೆರೆಯಲ್ಲಿ, ನಾನಿರುವುದೂ ಚಳ್ಳಕೆರೆಯಲ್ಲಿ. ಎರಡು ಬೀದಿ ಆಚೆ ಬಂದು ನನ್ನನ್ನು ಕರೆದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಅವತ್ತು ಮಧ್ಯಾಹ್ನ ಊಟ ಬೇಡ ಅಂದೆ. ಹೆಂಡತಿ, "ಹೊಟ್ಟೆ ಕೆಟ್ಟೈತಾ?" ಅಂದಳು. ಕೆಟ್ಟಿರಲಿಲ್ಲ, ಉರಿಯುತ್ತಿತ್ತು.

ಅದರ ನಡುವೆ ನನ್ನದೇ ಒಂದು ಪ್ಯಾಂಟು ಕಾಣೆಯಾಗಿತ್ತು. ಹಳೆಯದು, ಮಂಡಿಯ ಹತ್ತಿರ ಬಣ್ಣ ಹೋದದ್ದು, ಆದರೆ ಆ ನೆಟ್ಟಗಿನ ಕಾಲಿಗೆ ಸುಲಭವಾಗಿ ಏರುತ್ತಿದ್ದದ್ದು ಅದೊಂದೇ. ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕಿದೆ ಅಂದಳು ಹೆಂಡತಿ. ಪುರಾವೆಗೆ ಒಂದು ಹೊಸ ಜರಡಿಯನ್ನೂ ತೋರಿಸಿದಳು. ಪಕ್ಕದಲ್ಲೇ ಇಷ್ಟೆಲ್ಲ ನಡೆದರೂ ನನಗೆ ಹೊಳೆಯಬೇಕೋ ಬೇಡವೋ? ಹೊಟ್ಟೆ ಉರಿಯುವಾಗ ಹೊಗೆ ಕಣ್ಣಿಗೂ ತುಂಬುತ್ತದೆ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಿಳಿ ಕಾರು ಬಂದು ನಿಂತಿತು. ಹಳದಿ ಬೋರ್ಡು, ಮುಂದೆ ಸೇವಂತಿಗೆ ಹಾರ. ಇವನು ಇಳಿದು ಎಡಗಡೆ ಬಂದು ಮುಂದಿನ ಡೋರು ತೆರೆದು ಹಿಡಿದ.

"ಬರ್ರಿ ಅಣ್ಣಯ್ಯ, ಕೂತ್ಕೊಳ್ರಿ. ಊರಿಗೆ ಹೋಗಣ."

"ಕೊಂಡಾದ ಮೇಲೆ ಕರೀತಾ ಇದೀಯ" ಅಂದೆ. "ನನಗೇನು ಕೆಲಸ ಅಲ್ಲಿ? ನಿನ್ನ ಪ್ಯಾಂಟನ್ನೇ ಕೂರಿಸ್ಕೊಂಡು ಹೋಗು."

ಇವನು ಹಲ್ಲು ಬಿಟ್ಟ. ಹೆಂಡತಿ ಆಗಲೇ ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಬೀದಿಯವರೆಲ್ಲ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಸೀಟಿನ ಮೇಲೆ ಹಿಂಬದಿ ಊರಿ, ಅಭ್ಯಾಸದಂತೆ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಎಲ್ಲಿ ತಗುಲುತ್ತದೋ ಅಂತ ಹಲ್ಲು ಕಚ್ಚಿ ಒಳಗೆ ತಂದೆ. ಎಲ್ಲೂ ತಗುಲಲಿಲ್ಲ. ಸೀಟು ಹಿಂದಕ್ಕೆ ಸರಿದಿತ್ತು, ಕಾಲು ನೆಟ್ಟಗೆ ಮುಂದಕ್ಕೆ ಹೋಯಿತು, ಇನ್ನೂ ನಾಲ್ಕು ಬೆರಳು ಜಾಗ ಉಳಿಯಿತು. ಇವನು ಹೊರಗಿನಿಂದ ಡೋರು ಹಾಕಿದ. ಬಿದ್ದ ಮೇಲೆ ನಾನು ಪೂರ್ತಿಯಾಗಿ ಒಂದು ಗಾಡಿಯ ಒಳಗೆ ಕೂತದ್ದು ಅದೇ ಮೊದಲು.

"ಇನ್ನಾದರೂ ಅವರ ಪ್ಯಾಂಟು ಕೊಡೋ" ಅಂದಳು ಹೆಂಡತಿ ಹಿಂದಿನಿಂದ.

ಇವನು ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟ. ಹೊರಗೆಳೆದರೆ ನನ್ನ ಹಳೇ ಪ್ಯಾಂಟು. ಎಡಗಾಲು ಮೆತ್ತಗೆ ಜೋತಾಡುತ್ತಿತ್ತು. ಬಲಗಾಲಿನೊಳಗೆ ಸೊಂಟದಿಂದ ಪಾದದವರೆಗೆ ಒಂದು ಮಗ್ಗದ ಕೋಲು ತೂರಿಸಿ ದಾರದಲ್ಲಿ ಕಟ್ಟಿದ್ದ, ಮಡಚದ ಹಾಗೆ.

"ನನ್ನನ್ನೇ ಕರೆದಿದ್ದರೆ ಆಗ್ತಿರಲಿಲ್ವೇನೋ?" ಅಂದೆ.

"ನಿಮ್ಮನ್ನ ಕರೆದಿದ್ರೆ ಮೊದಲನೇ ಕಾರಲ್ಲೇ ಕಾಲು ನೋಯ್ತಿದ್ರೂ, ಚೆನ್ನಾಗೈತೆ ತಗೋ, ಅಂತಿದ್ರಿ ಅಣ್ಣಯ್ಯ. ಪ್ಯಾಂಟು ಹಂಗೆಲ್ಲ ಸುಳ್ಳು ಹೇಳಲ್ಲ." ಆಮೇಲೆ ವ್ಯಾಪಾರಿಯ ಗತ್ತಿನಲ್ಲಿ ಸೇರಿಸಿದ: "ಈ ಕಾಲು ಕೂತ್ರೆ ಯಾವ ಗಿರಾಕಿ ಕಾಲಾದ್ರೂ ಕೂರ್ತದೆ."

ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನದೇ ಪ್ಯಾಂಟಿನ ಮೇಲೆ. ಗತಿಗೆಟ್ಟವನೂ ನಾನೇ. ಕಣ್ಣು ತುಂಬಿ ಬಂತು. ಅವನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿ ಕೂತೆ.

ಊರು ದಾಟಿದ ಮೇಲೆ ರಸ್ತೆಗೆ ಅಡ್ಡ ಕುರಿಹಿಂಡು ಸಿಕ್ಕಿತು. ಇವನು ಹಾರನ್ ಒತ್ತಿದ. ಕುರಿಗಳು ತಲೆ ಎತ್ತಿಯೂ ನೋಡಲಿಲ್ಲ.

"ಹಾರನ್ ಸಾಲದು ಕಣೋ" ಅಂದೆ.

"ನಂಗೂ ಗೊತ್ತು ಅಣ್ಣಯ್ಯ. ಸದ್ದಿನ ವಿಷಯ ನಿಮಗೇ ಚೆನ್ನಾಗಿ ತಿಳಿಯೋದು. ನೀವು ಬಂದು ಆರಿಸಲಿ ಅಂತ ಹಂಗೇ ಬಿಟ್ಟಿದೀನಿ."

ಕುರಿಗಳೆಲ್ಲ ದಾಟುವವರೆಗೂ ನಾನು ಪ್ಯಾಂಟಿನೊಳಗಿನ ಆ ಕೋಲನ್ನು ಹಿಡಿದುಕೊಂಡೇ ಕೂತಿದ್ದೆ.

ಮೊಳಕಾಲ್ಮುರಿನಲ್ಲಿ ಅತ್ತೆ ಹೋಳಿಗೆ ಮಾಡಿದ್ದರು. ನೆಲದ ಮೇಲೆ ಕೂರಲು ನನಗಾಗದು ಅಂತ ಕುರ್ಚಿ ಹಾಕಿ, ಮುಂದೆ ಸ್ಟೂಲಿಟ್ಟು, ಅದರ ಮೇಲೆ ಎಲೆ ಹಾಕಿದರು. ಇವನು ಪಂಕ್ತಿಯಿಂದ ಎದ್ದು ಇನ್ನೊಂದು ಕುರ್ಚಿ ತಂದು, ಅದನ್ನು ಮಗುಚಿ ನೋಡಿ, ನನ್ನ ಪಕ್ಕಕ್ಕೇ ಹಾಕಿಕೊಂಡು ಕೂತ. ಅತ್ತೆ ತುಪ್ಪದ ಗಿಂಡಿ ಹಿಡಿದು ಬಂದು ಮೊದಲು ನನ್ನ ಎಲೆಗೆ ಬಗ್ಗಿಸಿದರು. ಅದು ಹೋಳಿಗೆ ದಾಟಿ, ಪಲ್ಯ ದಾಟಿ, ಕೋಸಂಬರಿಗೂ ತಲುಪಿತು. ಹಳೇ ಚಾಳಿ, ನನ್ನ ಓರೆಗಣ್ಣು ಅವನ ಎಲೆಯ ಕಡೆ ಹೋಯಿತು. ಗಿಂಡಿಯಲ್ಲಿ ಅಷ್ಟಾಗಿ ಉಳಿದಿರಲಿಲ್ಲ, ಅವನ ಹೋಳಿಗೆಯ ಮಧ್ಯೆಯೇ ಇಂಗಿಹೋಗಿತ್ತು.

"ಅತ್ತೆ, ಒಳಗೆ ಇನ್ನೂ ತುಪ್ಪ ಇದ್ರೆ ತಗೊಂಬರ್ರಿ" ಅಂದೆ. "ನನಗಲ್ಲ, ಅವನಿಗೆ."