ಗುರುಶಾಂತಪ್ಪನ ಪೂರ್ಣವಿರಾಮ ಸಮರ

ಹೆಬ್ಬೆರಳೇ ಲೇಖನಿಯಾಗಿ, ಅಂಗೈಯೇ ಓಲೆಯಾಗಿ, ಮನುಷ್ಯರ ನಗುವನ್ನೂ ಅಳುವನ್ನೂ ಹಳದಿ ಮುಖದ ಪುಟ್ಟ ಗೊಂಬೆಗಳು ಗುತ್ತಿಗೆ ಹಿಡಿದ ಮಹಾಯುಗವೊಂದು ಈ ಭೂಮಂಡಲದಲ್ಲಿ ಪ್ರವರ್ತಿಸುತ್ತಿರಲಾಗಿ, ಗದುಗಿನ ಪುಣ್ಯನೆಲದಲ್ಲಿ ಅಕ್ಷರದೋಷಮದಗಜಕೇಸರಿಯೂ, ಅಲ್ಪಪ್ರಾಣಮಹಾಪ್ರಾಣಸಂರಕ್ಷಕನೂ, ಕೆಂಪುಮಸಿಖಡ್ಗಧಾರಿಯೂ ಆದ ಗುರುಶಾಂತಪ್ಪ ಹೊಂಬಳನೆಂಬ ವೀರನಿದ್ದನು. ಮೂವತ್ತೆಂಟು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತನಾದ ಆ ಮಹನೀಯನ ಕಣ್ತಪ್ಪಿಸಿ ಒಂದೇ ಒಂದು ಒತ್ತಕ್ಷರವೂ ಓಡಿಹೋದುದಿಲ್ಲ.

ಇಂತಿರಲು ಒಂದು ಮುಂಜಾನೆ, ಲಕ್ಷ್ಮೇಶ್ವರದ ತಂಗಿ ನೀಲವ್ವನ ಮಗಳು, ಏಳು ತಿಂಗಳ ಗರ್ಭಿಣಿ ಸುಗಂಧಾ, ಬಂಧುಬಳಗದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸೋದರಮಾವನು ಹಸಿರು ಸೀರೆ ತರಬೇಕಾದ ತನ್ನ ಕುಬಸವೆಂಬ ಸೀಮಂತಕ್ಕೆ ಅವನನ್ನು ಕರೆದಳು. "ಮಾಮಾ ಶುಕ್ರವಾರ ಬರ್ತೀರಲ್ಲಾ" ಎಂಬ ಆ ಕರೆಯ ಬೆನ್ನಿಗೆ ಮೂರು ಕೆಂಪು ಹೃದಯಗಳೂ ಕುಣಿಯುವ ಒಂದು ಗೊಂಬೆಯೂ ಇದ್ದವು. ವೀರನು ಕನ್ನಡಕವೇರಿಸಿ, ಶಿಲ್ಪಿಯಂತೆ ಒಂದೊಂದೇ ಅಕ್ಷರ ಕೆತ್ತಿ, "ಬರುತ್ತೇನೆ" ಎಂದು ಬರೆದು, ಕಡೆಗೆ ದುಂಡನೆಯದೊಂದು ಪೂರ್ಣವಿರಾಮವನ್ನು ಪ್ರತಿಷ್ಠಾಪಿಸಿದನು.

ಅರ್ಧ ಗಳಿಗೆ ಕಳೆದಿಲ್ಲ, ನೀಲವ್ವನ ಫೋನು ಬಂದಿತು.

"ಅಣ್ಣಾ, ನಮ್ಮ ಮ್ಯಾಲ ಯಾಕ ಸಿಟ್ಟು? ಹುಡುಗಿ ನಾಷ್ಟಾ ಬಿಟ್ಟು ಅಳಾಕತ್ತಾಳ."

"ಸಿಟ್ಟಾ? ಬರ್ತೀನಂತ ಬರದೀನಲ್ಲವಾ!"

"ಬರದೀರಿ ಖರೆ. ಆದ್ರ ಕಡೀಕ ಚುಕ್ಕಿ ಇಟ್ಟೀರಂತ. ಈಗಿನ ಹುಡುಗ್ರೊಳಗ ಚುಕ್ಕಿ ಇಟ್ರ ಮುಖಾ ತಿರುವಿದಂಗಂತ."

ಕೇಳಿದೊಡನೆ ವೀರನ ಮೀಸೆ ನಿಮಿರಿತು. ಗ್ರೂಪೆಂಬ ರಣಾಂಗಣಕ್ಕಿಳಿದು ಗರ್ಜಿಸಿದನು: "ಎಲೈ ಬಂಧುಗಳಿರಾ, ಪೂರ್ಣವಿರಾಮವು ಕೋಪವಲ್ಲ. ಅದು ಮಾತಿನ ಮರ್ಯಾದೆ. ಅದಿಲ್ಲದ ವಾಕ್ಯವು ಗುಂಡಿಯಿಲ್ಲದ ಅಂಗಿ. ನನ್ನ ಬೆರಳಲ್ಲಿ ಕಸುವಿರುವ ತನಕ ಈ ಚುಕ್ಕಿಯನ್ನು ಬಿಟ್ಟುಕೊಡೆನು." ಹೀಗೆ ಹದಿನಾಲ್ಕು ವಾಕ್ಯಗಳು, ಹದಿನಾಲ್ಕು ಪೂರ್ಣವಿರಾಮಗಳು.

ಲಕ್ಷ್ಮೇಶ್ವರದಲ್ಲಿ ನೀಲವ್ವನ ಅಳಿಯ, ಸುಗಂಧಾಳ ಗಂಡ, ಎಣಿಸಿ ಹೇಳಿದನು: "ಹದಿನಾಕು ಸಲ ಬೈದಾರ."

ಆ ಕೂಡಲೇ ಕೈಮುಗಿದ ಗೊಂಬೆಗಳ ಪದಾತಿಸೈನ್ಯವೂ ಕಣ್ಣೀರಿನ ಮುಖಗಳ ಅಶ್ವದಳವೂ ದಶದಿಕ್ಕುಗಳಿಂದ ಮುತ್ತಿದವು. ಹುಬ್ಬಳ್ಳಿಯ ಸೋದರಳಿಯನೊಬ್ಬ "ಕೂಲ್ ಮಾಮಾ ಕೂಲ್" ಎಂದು ಬಾಣ ಬಿಟ್ಟನು. ಇದಾವುದಕ್ಕೂ ವೀರನು ಜಗ್ಗಲಿಲ್ಲ. ಆದರೆ ಕೊನೆಯಲ್ಲಿ ಸುಗಂಧಾಳ ಒಂದು ಸಾಲು ಬಂದಿತು. ಅದರಲ್ಲಿ ಹೃದಯವೂ ಇಲ್ಲ, ಗೊಂಬೆಯೂ ಇಲ್ಲ. "ಸಿಟ್ಟಿನಾಗ ತರೂ ಹಸರ ಸೀರಿ ನಂಗ ಬ್ಯಾಡ ಮಾಮಾ."

ತೊಟ್ಟಿಲಲ್ಲಿದ್ದಾಗಿನಿಂದ ತಾನು ಎತ್ತಿ ಆಡಿಸಿದ ಕೂಸು! ವೀರನು ಊಟವನ್ನೂ ಮಾಡದೆ, ಚಪ್ಪಲಿ ಮೆಟ್ಟಿ, ಕೆಂಪು ಬಸ್ಸೆಂಬ ಮಹಾರಥವನ್ನೇರಿ, ಮೂರನೇ ಪ್ರಹರಕ್ಕೆ ಲಕ್ಷ್ಮೇಶ್ವರವನ್ನು ಪ್ರವೇಶಿಸಿದನು. ದಾರಿಯುದ್ದಕ್ಕೂ ಹೆಣೆದಿದ್ದ ವಾದಸರಣಿಯು ಸುಗಂಧಾಳ ಬಾತ ಕಣ್ಣು ಕಂಡೊಡನೆ ಚದುರಿಹೋಯಿತು.

"ಉಳದಾವ್ರೆಲ್ಲಾ 'ಬರ್ತೀವೀಈಈ' ಅಂತ ಬರದಾರ," ಎಂದಳು ಅವಳು. "ನೀವೊಬ್ರ ಠಕ್ ಅಂತ ಚುಕ್ಕಿ ಇಟ್ರಿ. ನಾಕ್ ಸಲ ನೋಡಿದೆ, ದೊಡ್ಡದ್ ಮಾಡಿ ನೋಡಿದೆ. ಚುಕ್ಕಿನ ಐತಿ."

ಮೂವತ್ತೆಂಟು ವರ್ಷಗಳಲ್ಲಿ ವೀರನು ಕಾಪಾಡಿದ ಲಕ್ಷೋಪಲಕ್ಷ ಪೂರ್ಣವಿರಾಮಗಳಲ್ಲಿ ಒಂದನ್ನಾದರೂ ಯಾವ ಓದುಗನೂ ತಿರುಗಿ ನೋಡಿದ್ದಿಲ್ಲ. ಇವಳೋ ನಾಲ್ಕು ಸಲ ನೋಡಿದ್ದಾಳೆ, ಅತ್ತಿದ್ದಾಳೆ!

"ಅಷ್ಟ ಲಕ್ಷ್ಯ ಕೊಟ್ಟು ಓದಿದೇನವಾ?" ಎಂದನು. ದನಿ ತುಸು ಒದ್ದೆಯಾಗಿತ್ತು.

ಬಳಿಕ ಫೋನು ಕೈಗೆತ್ತಿ, ಸಕಲ ಬಂಧುಗಳಿಗೂ ಕಾಣುವಂತೆ, ಹೊಸದಾಗಿ "ಬರುತ್ತೇನೆ" ಎಂದು ಬರೆದನು. ಹೆಬ್ಬೆರಳು ಚುಕ್ಕಿಯ ಮೇಲೆ ಹದ್ದಿನಂತೆ ಸುತ್ತಿತು; ಹಿಂದೆ ಸರಿಯಿತು. ಸಂದೇಶವು ಬೋಳಾಗಿಯೇ ಹೊರಟಿತು. ಎದುರಿಗಿದ್ದ ಸುಗಂಧಾಳ ಫೋನು ಕುಯ್ ಎಂದಿತು.

ಸುಗಂಧಾ ನೋಡಿ, ಮೂಗೊರೆಸಿಕೊಂಡು ನಕ್ಕಳು. "ಮಾಮಾ, ಇಲ್ಲೇ ನನ್ನ ಮುಂದ ಕುಂತೀರಿ. ಬಾಯೀಲೆ ಹೇಳಿದ್ರ ಆಗ್ತಿದ್ದಿಲ್ಲೇನ್ರೀ?"

"ಬರ್ತೀನವಾ," ಎಂದನು ವೀರನು.

ಬಾಯಿಮಾತಾದ್ದರಿಂದ ಅಲ್ಲಿ ಚುಕ್ಕಿಯ ಪ್ರಶ್ನೆಯೇ ಏಳಲಿಲ್ಲ. ನೀಲವ್ವ ಒಗ್ಗರಣೆ ಮಂಡಕ್ಕಿ ತಂದಿಟ್ಟಳು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು, ಅದನ್ನು ಮಾತ್ರ ಯಾರೂ ತಿದ್ದಲಿಲ್ಲ.